ಹಿತ್ತಲ ಸಿಂಪಿಗ



ಶರಣರು ಅನುಭಾವದ ಮಾತನ್ನು ಆಡಹೊರಟಾಗ ಗ್ರಂಥದ ಹಾಳೆಗಳನ್ನು ತಿರುವುವದಕ್ಕಿಂತ ಮೊದಲು ಕಣ್ಣೆದುರಿನ ಜಗತ್ತನ್ನು ನೋಡಿದರು. ಕಾಗೆಯಾಗಲಿ ಕೋಳಿಯಾಗಲಿ ತನಗೆ ದೊರೆತ ತುತ್ತನ್ನು ಒಂಟಿಯಾಗಿ ನುಂಗುವದಿಲ್ಲವೆಂಬ ನಿತ್ಯದ ಸಂಗತಿಯನ್ನು ಮುಂದಿಟ್ಟು ಬಸವಣ್ಣನವರು ಭಕ್ತಿಹೀನರನ್ನು ನಾಚಿಸಿದರು. ರೇಷ್ಮೆಯ ಹುಳು ತಾನು ತೆಗೆದ ನೂಲಿನಲ್ಲಿ ತಾನೇ ಸಿಕ್ಕು ಸಾಯುವದನ್ನು ಕಂಡು ಅಕ್ಕಮಹಾದೇವಿಯವರು ಮನದ ಆಶೆಯು ಮನುಷ್ಯನನ್ನು ಹೇಗೆ ಕಟ್ಟಿಹಾಕುವದೆಂಬದನ್ನು ತಿಳಿಸಿದರು. ಅದೇ ಅಕ್ಕನವರು ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲುಗಳನ್ನು ಒಂದೊಂದಾಗಿ ಕರೆದು ತಮ್ಮ ಇನಿಯನ ಸುಳಿವನ್ನು ವಿಚಾರಿಸಿದ ವಚನವನ್ನು ಹಾಡಬಲ್ಲವರು ನಿಮ್ಮಲ್ಲಿ ಅನೇಕರುಂಟು.

ಆ ಸಾಲಿನಲ್ಲಿ ಸೇರದ ಒಂದು ಹಕ್ಕಿಯ ವಿಷಯವನ್ನು ಈ ಶ್ರಾವಣದಲ್ಲಿ ನಿಮ್ಮೆದುರು ಇಡಬೇಕೆಂದಿದ್ದೇನೆ. ಅದು ಆ ಸಾಲಿನಲ್ಲಿ ಸೇರದಿದ್ದುದು ಸಹಜವೇ. ಅದಕ್ಕೆ ಗಿರಿಶಿಖರ ಬೇಡ, ಕೊಳದ ದಡ ಬೇಡ. ಎಲ್ಲವನ್ನೂ ಬಿಟ್ಟು ನಡೆದ ವೈರಾಗ್ಯನಿಧಿಯ ದಾರಿಯಲ್ಲಿ ಕಾಣುವದಕ್ಕಿಂತ ಮನೆ, ಮಕ್ಕಳು, ಬಚ್ಚಲು, ಬದನೆಯ ಮಡಿಗಳುಳ್ಳ ಸಂಸಾರಿಯ ಹಿತ್ತಲಲ್ಲಿಯೇ ಅದು ಹೆಚ್ಚಾಗಿ ಕಾಣುವದು. ಪಕ್ಷಿಗಳನ್ನು ಕುರಿತ ಪುಸ್ತಕಗಳಲ್ಲಿ ಅದಕ್ಕೆ ಟುವ್ವಿ ಹಕ್ಕಿಯೆಂದು ಹೆಸರು. ದರ್ಜಿ ಹಕ್ಕಿಯೆಂದೂ ಸಿಂಪಿಗನೆಂದೂ ಅದನ್ನು ಕರೆಯುವದುಂಟು. ಬಟ್ಟೆ ಹೊಲಿಯುವವನನ್ನು ನಮ್ಮ ಕಡೆಯಲ್ಲಿ ಸಿಂಪಿಗನೆಂದೇ ಕರೆಯುವ ರೂಢಿಯಿರುವದರಿಂದ ನಾನು ಈ ಹೆಸರನ್ನೇ ಹಿಡಿಯುತ್ತೇನೆ.

ಮುಧೋಳವೆಂದರೆ ಲೋಕಕ್ಕೆ ಮೊದಲು ನೆನಪಾಗುವದು ಬೇಟೆಯ ನಾಯಿ. 2005 ರಲ್ಲಿ ಭಾರತ ಸರಕಾರದ ಅಂಚೆ ಇಲಾಖೆಯು ಆ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನೇ ಹೊರಡಿಸಿತು. ಓದಿದವರಿಗೆ ಕವಿ ರನ್ನನು ನೆನಪಾಗುವನು. ಅವನು ಈ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು, ಒಡೆಯುವ ಸರಕನ್ನು ಒಡೆಯದಂತೆ ಹೊತ್ತು ಮಾರಿದವರ ಮಗ. ಆದರೆ ಘಟಪ್ರಭೆಯ ನೀರು ಹರಿಯುವ ಈ ಸೀಮೆಯಲ್ಲಿ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಓಣಿಗಳಲ್ಲಿ, ಒಂದು ಲಿಂಬೆಯ ಗಿಡವೋ ಒಂದು ದಾಸವಾಳದ ಗಿಡವೋ ಇರುವ ಯಾವ ಅಂಗಳಕ್ಕಾದರೂ ಬಂದು ಹೋಗುವ ಈ ಸಣ್ಣ ಹಕ್ಕಿಯನ್ನು ಹೆಸರಿಟ್ಟು ಗುರುತಿಸಬಲ್ಲವರು ವಿರಳ.

ಅದರ ತೂಕ 6 ರಿಂದ 10 ಗ್ರಾಮ್. ಎಂದರೆ ನಮ್ಮ ಹಿರಿಯರು ಬಂಗಾರ ತೂಗುತ್ತಿದ್ದ ಒಂದು ತೊಲೆಗಿಂತಲೂ ಕಡಿಮೆ. ಬೆನ್ನು ಎಲೆಹಸಿರು, ಹೊಟ್ಟೆ ಮಾಸಿದ ಬಿಳುಪು, ಬಾಲವು ಸದಾ ನೆಟ್ಟಗೆ ಮೇಲೆದ್ದಿರುವದು. ನೆತ್ತಿಯ ಮೇಲೆ ಮಾತ್ರ ಕಾವಿಯ ಬಣ್ಣ. ತಲೆಗೆ ಕಾವಿ ಸುತ್ತಿಕೊಂಡರೂ ಅದು ಸನ್ಯಾಸಿಯಲ್ಲ, ಪಕ್ಕಾ ಸಂಸಾರಿ! ಗಾತ್ರಕ್ಕೆ ಮೀರಿದ ಕಂಠ. ಟುವಿ ಟುವಿ ಟುವಿ ಎಂದು ಒಂದೇ ಸಮನೆ ಕೂಗತೊಡಗಿದರೆ ಪಡಸಾಲೆಯಲ್ಲಿ ಕುಳಿತವರ ಮಾತು ಮುಳುಗಬೇಕು. ಕೂಗುವಾಗ ಅದರ ಕುತ್ತಿಗೆಯ ಎರಡೂ ಬದಿಗಳಲ್ಲಿ ಕಪ್ಪು ಕಲೆಯೊಂದು ಮೂಡಿ ಮರೆಯಾಗುವದು. ಅದು ಬರಿಯ ಚರ್ಮ, ಗಂಟಲು ಉಬ್ಬಿದಾಗ ಗರಿಗಳ ನಡುವೆ ಹೊರಗೆ ಕಾಣುವದು.

ಇನ್ನು ಅದರ ಹೊಲಿಗೆಯ ಮಾತು. ಇದನ್ನು ತುಸು ಸಾವಕಾಶವಾಗಿ ಕೇಳಬೇಕು.

ಮುಂಗಾರಿನ ಹೊತ್ತಿಗೆ, ವಿಶೇಷವಾಗಿ ಜೂನದಿಂದ ಆಗಸ್ಟದವರೆಗೆ, ಈ ಹಕ್ಕಿಯು ಗೂಡು ಕಟ್ಟುವ ಕಾಲ. ಅಗಲವಾದ ಎಲೆಯುಳ್ಳ ಗಿಡವನ್ನು ಅದು ಹುಡುಕುತ್ತದೆ. ಬದನೆ, ಅಂಜೂರ, ಮಾವು, ಲಿಂಬೆ ಹೀಗೆ ನಮ್ಮ ಕೈಗೆ ಎಟಕುವ ಗಿಡಗಳೇ ಅದಕ್ಕೆ ಸಾಕು. ನೆಲದಿಂದ ಎರಡು ಮೂರು ಮೊಳದ ಎತ್ತರವೂ ಸಾಕು. ಎಲೆಯೊಂದು ದೊಡ್ಡದಾಗಿದ್ದರೆ ಅದನ್ನೇ ಕೊಳವೆಯಂತೆ ಸುತ್ತಿ ಅಂಚಿಗೆ ಅಂಚು ಕೂಡಿಸುವದು; ಸಾಲದಿದ್ದರೆ ನೆರೆಯ ಎಲೆಯನ್ನು ಎಳೆದು ಜೋಡಿಸುವದು. ಕೊಕ್ಕೇ ಅದರ ಸೂಜಿ. ಆ ಸೂಜಿಯಿಂದ ಅಂಚಿನುದ್ದಕ್ಕೂ ಸಣ್ಣ ಸಣ್ಣ ತೂತುಗಳನ್ನು ಚುಚ್ಚಿ, ಅರಳೆಯ ಎಳೆಯನ್ನೋ ಗಿಡದ ನಾರನ್ನೋ ಜೇಡನ ಬಲೆಯ ನೂಲನ್ನೋ ಈ ತೂತಿನಲ್ಲಿ ತೂರಿಸಿ ಆ ತೂತಿನಲ್ಲಿ ಹೊರಗೆಳೆಯುವದು. ಆಮೇಲೆ ಗಂಟು ಹಾಕುವದೋ ಎಂದು ಕೇಳಿದರೆ, ಇಲ್ಲ. ಹೊರಗೆ ಬಂದ ಎಳೆಯ ತುದಿಯು ಅರಳಿಕೊಂಡು ಸಣ್ಣ ಉಂಡೆಯಂತಾಗಿ ತೂತಿಗೆ ಅಡ್ಡ ನಿಲ್ಲುವದು, ಹಿಂದಕ್ಕೆ ಜಾರುವದಿಲ್ಲ. ನಮ್ಮ ಸೀಮೆಯ ತಾಯಂದಿರು ಇಳಕಲ್ಲ ಸೀರೆಯ ಮೇಲೆ ತೆಗೆಯುತ್ತಿದ್ದ ಕಸೂತಿಯಲ್ಲಿಯೂ ಗಂಟಿಗೆ ಸ್ಥಾನವಿಲ್ಲವೆಂಬದನ್ನು ಬಲ್ಲವರು ಬಲ್ಲರು. ಗಂಟಿಲ್ಲದ ಹೊಲಿಗೆ ಕೈಯ ಹದದಿಂದ ನಿಲ್ಲತಕ್ಕದ್ದು. ಹೀಗೆ ಹೊಲಿದ ಎಲೆಯ ಚೀಲದೊಳಗೆ ಅರಳೆ, ಮೆತ್ತನೆಯ ನಾರುಗಳ ಹಾಸಿಗೆ ಹಾಕಿ, ಅದರಲ್ಲಿ ಸಾಮಾನ್ಯವಾಗಿ ಮೂರು ಮೊಟ್ಟೆಗಳನ್ನಿಡುವದು. ಎಲೆಯ ಮೇಲ್ಮೈ ಹೊರಗಿರುವಂತೆ ಸುತ್ತಿರುವದರಿಂದ ಎದುರಿಗೆ ನಿಂತರೂ ನಮಗೆ ಅದು ಎಲೆಯಾಗಿಯೇ ಕಾಣುವದು.

ಇದೆಲ್ಲವೂ ಚಮತ್ಕಾರವೇ. ಆದರೆ ಚಮತ್ಕಾರವನ್ನು ಹೇಳಿ ಹೋಗುವದಕ್ಕಾಗಿ ನಾನು ಈ ವಿಷಯವನ್ನು ಎತ್ತಿಲ್ಲ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿಯೇ ಬೇರೆ. ಆ ಹಕ್ಕಿಯು ಎಲೆಯನ್ನು ತೊಟ್ಟಿನಿಂದ ಕಡಿಯುವದಿಲ್ಲ. ಗಿಡದ ಮೇಲೆ ಇದ್ದಂತೆಯೇ ಅದನ್ನು ಹೊಲಿಯುವದು. ಅದು ಚುಚ್ಚುವ ತೂತು ಎಷ್ಟು ಸಣ್ಣದೆಂದರೆ ಆ ಗಾಯದಿಂದ ಎಲೆಯ ಅಂಚು ಕಂದುವದಿಲ್ಲ, ಒಣಗುವದಿಲ್ಲ. ಬೇರಿನಿಂದ ಬಂದ ರಸವು ತೊಟ್ಟಿನ ಮೂಲಕ ಆ ಎಲೆಗೆ ಮೊದಲಿನಂತೆಯೇ ಹರಿಯುತ್ತಿರುವದು; ಎಲೆಯು ಬಿಸಿಲನ್ನುಂಡು ಗಿಡಕ್ಕೆ ಅನ್ನವನ್ನು ಮೊದಲಿನಂತೆಯೇ ಕೊಡುತ್ತಿರುವದು. ಎಲೆ ಗಿಡದ್ದಾಗಿಯೇ ಉಳಿಯಿತು, ಮನೆ ಹಕ್ಕಿಯದಾಯಿತು. ಒಂದು ವೇಳೆ ಅದು ಎಲೆಯನ್ನು ಹರಿದು ತನ್ನದಾಗಿ ಮಾಡಿಕೊಂಡಿದ್ದರೆ ಎರಡು ದಿನಗಳಲ್ಲಿ ಎಲೆ ಒಣಗಿ ಮುರುಟಿ, ಹೊಲಿಗೆ ಬಿಟ್ಟು, ಮೊಟ್ಟೆ ನೆಲಕ್ಕೆ ಬೀಳುತ್ತಿತ್ತು.

ಪದಾರ್ಥವು ಪ್ರಸಾದವಾಗುವದೆಂದರೇನೆಂಬದನ್ನು ಷಟ್‌ಸ್ಥಲದ ವಿವೇಚನೆಯಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವೆ. ಭಕ್ತನು ತನಗೆ ದೊರೆತುದನ್ನು ಲಿಂಗಕ್ಕೆ ಅರ್ಪಿಸಿ, ಅದನ್ನೇ ಲಿಂಗದಿಂದ ಮರಳಿ ಪಡೆದು ಅನುಭವಿಸಿದಾಗ ಅದು ಪ್ರಸಾದ. ಅರ್ಪಿಸುವದೆಂದರೆ ತಾಟನ್ನು ಲಿಂಗದ ಮುಂದೆ ಹಿಡಿದು ಹಿಂದಕ್ಕೆ ತೆಗೆದುಕೊಳ್ಳುವ ಕೈಸನ್ನೆ ಮಾತ್ರವಲ್ಲ. ಇದು ನನ್ನದಲ್ಲ, ಕೊಟ್ಟವನದು. ನನ್ನ ಕೈಯಲ್ಲಿರುವಾಗಲೂ ಅವನದೇ ಎಂಬ ಅರಿವು ಅರ್ಪಿತದ ಜೀವ. ಪ್ರಸಾದಿಯು ಜಗತ್ತನ್ನು ಬಿಟ್ಟವನಲ್ಲ. ಉಣ್ಣುವನು, ಉಡುವನು, ಹೊಲವನ್ನು ಉಳುವನು, ಮನೆಯನ್ನು ಕಟ್ಟುವನು. ಆದರೆ ತೊಟ್ಟನ್ನು ಕಡಿಯುವದಿಲ್ಲ. ಶಿವನಿಂದ ಬಂದ ವಸ್ತುವನ್ನು ಶಿವನ ಮೂಲದಿಂದ ಹರಿದು ತನ್ನ ಗಂಟಿನಲ್ಲಿ ಹಾಕಿಕೊಳ್ಳುವದಿಲ್ಲ. ಈ ತತ್ತ್ವವನ್ನು ನಾನು ಎಷ್ಟೋ ಸಲ ಪಾಂಡಿತ್ಯದ ಮಾತುಗಳಲ್ಲಿ ವಿವರಿಸಿದ್ದೇನೆ. ಹೊಲಿದ ಒಂದು ಬದನೆಯ ಎಲೆಯನ್ನು ತೋರಿಸಿ ಹೇಳಿದಷ್ಟು ಸುಲಭವಾಗಿ ಅದು ಯಾರಿಗೂ ತಿಳಿದಂತೆ ಕಾಣಲಿಲ್ಲ.

ಹೆಸರಿನ ವಿಷಯದಲ್ಲಿ ಒಂದು ಸೋಜಿಗವುಂಟು. ಜನರೆಲ್ಲರೂ ಇದನ್ನು ದರ್ಜಿಯೆನ್ನುವರು. ಆದರೆ 1769 ರಲ್ಲಿ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದ ಪೆನ್ನಂಟ್ ಎಂಬ ವಿದ್ವಾಂಸನು ಇದಕ್ಕೆ ಇಟ್ಟ ಲ್ಯಾಟಿನ್ ಹೆಸರು ಸುಟೋರಿಯಸ್. ಆ ಮಾತಿಗೆ ಚಮ್ಮಾರನಿಗೆ ಸಂಬಂಧಿಸಿದ್ದೆಂದು ಅರ್ಥ. ಲೋಕವು ದರ್ಜಿಯನ್ನು ಒಂದು ಓಣಿಯಲ್ಲಿಯೂ ಚಮ್ಮಾರನನ್ನು ಊರ ಹೊರಗೂ ಇರಿಸಿತು. ಕಲ್ಯಾಣದಲ್ಲಿ ಮಾತ್ರ ಮಗ್ಗದ ದಾಸಿಮಯ್ಯನವರ ಪರಂಪರೆಯೂ, ಕದಿರಿನಿಂದ ನೂಲು ತೆಗೆದ ರೆಮ್ಮವ್ವೆಯೂ, ಹಗ್ಗ ಹೊಸೆದ ನುಲಿಯ ಚಂದಯ್ಯನವರೂ, ಪಾದರಕ್ಷೆ ಹೊಲಿದ ಹರಳಯ್ಯನವರೂ ಒಂದೇ ಪಂಕ್ತಿಗೆ ಬಂದರು. ನೂಲು ಹಿಡಿದ ಕೈಗಳಲ್ಲಿ ಮೇಲು ಕೀಳುಗಳಿಲ್ಲವೆಂದು ಸಾರಿದ ಊರು ಅದು.

ಹರಳಯ್ಯನವರ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ತಾವು ಒಂದು ಶರಣು ಎಂದುದಕ್ಕೆ ಬಸವಣ್ಣನವರು ಎರಡು ಶರಣು ಹೇಳಿದರೆಂದು ಆ ದಂಪತಿಗಳು ಕಳವಳಗೊಂಡು, ಆ ಋಣವನ್ನು ತೀರಿಸಲು ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆಗಳನ್ನು ಹೊಲಿದರೆಂದೂ, ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ನಮ್ಮ ಪುರಾತನರು ಹೇಳುತ್ತ ಬಂದಿದ್ದಾರೆ. ಈ ಕಥೆಯನ್ನು ಅತಿಶಯದ ಭಕ್ತಿಯೆಂದು ಹೇಳಿ ಮುಗಿಸುವದು ವಾಡಿಕೆ. ನಾನು ಅದರಲ್ಲಿ ಇನ್ನೊಂದು ಮಾತನ್ನು ಕಾಣುತ್ತೇನೆ. ಕಸಬಿನಲ್ಲಿ ಚುಚ್ಚುವದು, ಸುಲಿಯುವದು, ಕೊಯ್ಯುವದು ತಪ್ಪದು. ಸೂಜಿಯಿದ್ದಲ್ಲಿ ಗಾಯವಿದ್ದೇ ಇರುವದು. ಆ ಗಾಯವನ್ನು ಯಾರು ಹೊರಬೇಕೆಂಬದೇ ಪ್ರಶ್ನೆ. ಹರಳಯ್ಯ ದಂಪತಿಗಳು ಅದನ್ನು ತಮ್ಮ ಮೈಮೇಲೆಯೇ ತೆಗೆದುಕೊಂಡರು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಂದೆ ಹೋಗುವದು ಸರಿಯಲ್ಲ. ಈ ಹಕ್ಕಿಯ ಆಹಾರವು ಹುಳು ಹುಪ್ಪಟೆಗಳು. ಎಲೆಯ ಮೇಲೆ ದಯೆ ತೋರಿದ ಹಕ್ಕಿಯು ಹುಳುವಿನ ಮೇಲೆ ತೋರುವದಿಲ್ಲವಷ್ಟೆ? ಮೇಲಾಗಿ, ಅದರ ಹೊಲಿಗೆಯು ಹುಟ್ಟುಗುಣ. ವಿಚಾರ ಮಾಡಿ ಆರಿಸಿಕೊಂಡುದಲ್ಲ. ಅದನ್ನು ಕಾಯಕವೆಂದು ಕರೆಯಬಹುದೇ?

ಕರೆಯಲಾಗದು. ಪ್ರಾಣಿಪಕ್ಷಿಗಳಿಗೆ ಮನುಷ್ಯರ ಗುಣಗಳನ್ನು ಹಚ್ಚಿ ಕೈಮುಗಿಯುವ ಪದ್ಧತಿಯು ನನಗೆ ಒಗ್ಗದು. ಕಾಯಕಕ್ಕೆ ಅರಿವು ಬೇಕು. ಅರಿವಿಲ್ಲದ ದುಡಿಮೆ ಬರಿಯ ದುಡಿಮೆ. ಕೋಗಿಲೆಯ ಕುಲಕ್ಕೆ ಸೇರಿದ ಒಂದು ಹಕ್ಕಿಯು ಈ ಸಿಂಪಿಗನ ಗೂಡಿನಲ್ಲಿ ತನ್ನ ಮೊಟ್ಟೆಯನ್ನಿಟ್ಟು ಹೋಗುವದುಂಟು. ಆಗ ಸಿಂಪಿಗನ ಜೋಡಿಯು ತಮಗಿಂತ ದೊಡ್ಡದಾಗಿ ಬೆಳೆದ ಆ ಪರರ ಮರಿಗೆ ಹಗಲೆಲ್ಲ ತುತ್ತು ತಂದು ಹಾಕುವದು. ಅದನ್ನು ದಾಸೋಹವೆಂದು ಕೊಂಡಾಡಿದವರನ್ನು ನಾನು ಕೇಳಿದ್ದೇನೆ. ಅರಿಯದೆ ಉಣಿಸಿದುದು ದಾಸೋಹವಲ್ಲ, ಮೋಸಹೋದುದು. ಬಂದವನು ಪರನೆಂದು ಅರಿತೂ ಅವನಲ್ಲಿ ಜಂಗಮವನ್ನು ಕಂಡು ಉಣಿಸಿದರೆ ಅದು ದಾಸೋಹ. ಆದ್ದರಿಂದ ಹಕ್ಕಿಯು ಶರಣನಲ್ಲ. ಅದರ ಹೊಟ್ಟೆಗೆ ಹುಳುವನ್ನು ವಿಧಿಸಿದವನು ಶಿವನು; ಅದರ ಲೆಕ್ಕವನ್ನು ಕೇಳುವ ಅಧಿಕಾರ ನನಗಿಲ್ಲ. ನನ್ನ ಮಾತು ಇಷ್ಟೇ: ಅರಿವಿಲ್ಲದ ಜೀವಿಯಿಂದ ಎಲೆಗೆ ಆಗದ ಕೇಡು, ಅರಿವನ್ನು ಪಡೆದು ಲಿಂಗವನ್ನು ಎದೆಯ ಮೇಲೆ ಧರಿಸಿದ ನಮ್ಮಿಂದ ನೆಲಕ್ಕೂ ನೀರಿಗೂ ಆಗುತ್ತಿದ್ದರೆ, ಲೆಕ್ಕ ಕೇಳಬೇಕಾದುದು ನಮ್ಮನ್ನೇ.

ಹೊಲದ ಮಾತನ್ನು ತೆಗೆದುಕೊಳ್ಳಿರಿ. ಘಟಪ್ರಭೆಯ ಕಾಲುವೆಯ ನೀರು ಬಂದಿತು, ಕಬ್ಬು ಬಂದಿತು, ಕಬ್ಬಿನೊಡನೆ ರೊಕ್ಕವೂ ಬಂದಿತು. ಅದು ಶಿವನ ಕೃಪೆಯೆಂಬದರಲ್ಲಿ ಸಂಶಯವಿಲ್ಲ. ಆದರೆ ಹದ ಮೀರಿ ನೀರುಣಿಸಿದ ಎರೆಯ ಭೂಮಿಯಲ್ಲಿ ಉಪ್ಪು ಮೇಲೆದ್ದು ಸವಳಾಯಿತು, ನೀರು ಬಸಿಯದೆ ಜವಳಾಯಿತು. ಜೋಳ, ಕಡಲೆ ಬೆಳೆದುಕೊಡುತ್ತಿದ್ದ ನೆಲದ ತುಂಡುಗಳು ಈಗ ಬೆಳ್ಳಗೆ ಬೂದಿ ಚೆಲ್ಲಿದಂತೆ ಬಿದ್ದಿರುವದನ್ನು ಕಾಣದವರು ಈ ತಾಲೂಕುಗಳಲ್ಲಿ ಯಾರು? ಕಬ್ಬು ಕಡಿದ ಮೇಲೆ ಉಳಿದ ರವದಿಗೆ ಬೆಂಕಿಯಿಡುವರು. ಒಂದು ಕಡ್ಡಿ ಗೀರಿದರೆ ಎಂಟು ದಿನದ ಕೆಲಸ ಒಂದು ತಾಸಿನಲ್ಲಿ ಮುಗಿಯಿತು. ಕೊಳೆತು ನೆಲಕ್ಕೆ ಮರಳಬೇಕಾಗಿದ್ದ ಸತ್ತ್ವವೂ, ಅದರೊಳಗಿನ ಜೀವರಾಶಿಯೂ ಅದೇ ತಾಸಿನಲ್ಲಿ ಮುಗಿದವು. ಇದು ಎಲೆಯನ್ನು ತೊಟ್ಟಿನಿಂದ ಕಡಿಯುವ ಬೇಸಾಯ. ಎರಡು ದಿನ ಹಸಿರು, ಆಮೇಲೆ ಮುರುಟು.

ಮಗ್ಗದ ಊರುಗಳಲ್ಲಿಯೂ ಇದೇ ವಿಚಾರ. ರಬಕವಿ-ಬನಹಟ್ಟಿಯ ಹಾಸು ಹೊಕ್ಕುಗಳಲ್ಲಿ ಎಷ್ಟು ಕುಟುಂಬಗಳು ತಮ್ಮ ಬಾಳನ್ನು ನೆಯ್ದುಕೊಂಡಿವೆ! ಕೈಮಗ್ಗದ ಲಾಳಿಯ ಸಪ್ಪಳ ಕಡಿಮೆಯಾಗಿ ವಿದ್ಯುತ್ ಮಗ್ಗದ ಸದ್ದು ಹೆಚ್ಚಿದೆ. ಕಾಲಕ್ಕೆ ತಕ್ಕಂತೆ ಅದು ಆಗತಕ್ಕದ್ದೇ. ಮಗ್ಗ ಯಾವದಾದರೂ ಇರಲಿ, ಅದರ ಮುಂದೆ ನಿಂತವನು ತನ್ನ ಮನೆಯ ಗಿಡದ ಎಲೆಯಾಗಿಯೇ ಉಳಿದಿರುವನೋ, ಅಥವಾ ಹರಿದು ತಂದ ಎಲೆಯಾಗಿರುವನೋ ಎಂಬದನ್ನು ಮಗ್ಗದ ಯಜಮಾನನು ಲಿಂಗಪೂಜೆಗೆ ಕುಳಿತಾಗ ಒಮ್ಮೆ ವಿಚಾರಿಸಿಕೊಂಡರೆ ಸಾಕು. ಹೆಚ್ಚು ಹೇಳಲಾರೆ.

ಎಷ್ಟು ತೆಗೆದುಕೊಳ್ಳಬೇಕೆಂಬದರಲ್ಲಿ ಆಯ್ದಕ್ಕಿ ಲಕ್ಕಮ್ಮನವರಂತಹ ಗುರು ಇನ್ನೊಬ್ಬರಿಲ್ಲ. ರಾಯಚೂರ ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಕಾಯಕವು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುವದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚಿಗೆ ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಲೆಯ ಮೇಲಿಡಲಿಲ್ಲ. ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಚೆಲ್ಲಿ ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಮನೆಯೊಳಗೆ ಯಾರ ಮಾತು ನಡೆಯಬೇಕೆಂದು ಗಂಡಸರು ವಾದಿಸುವಾಗ ನನಗೆ ಈ ಪ್ರಸಂಗವು ನೆನಪಾಗುವದು. ಕಿಪ್ಲಿಂಗ್ ಎಂಬ ಇಂಗ್ಲಿಷ್ ಕಥೆಗಾರನು ಬರೆದ ಮುಂಗುಲಿಯ ಕಥೆಯೊಂದರಲ್ಲಿ ಇದೇ ಸಿಂಪಿಗ ಹಕ್ಕಿಯ ಜೋಡಿ ಬರುವದು, ಅಲ್ಲಿ ಅದಕ್ಕೆ ದರ್ಜಿಯೆಂದೇ ಹೆಸರು. ಹಾವಿನ ಅಪಾಯವು ಕಳೆಯದಿರುವಾಗಲೇ ಗಂಡು ಹಕ್ಕಿಯು ಹಾಡುತ್ತ ಕುಳಿತಿರುವದು. ಕಾಲ ತಿಳಿದು ಕೆಲಸಕ್ಕೆ ಇಳಿಯುವದು ಹೆಣ್ಣು ಹಕ್ಕಿ. ಆ ಕಥೆಗಾರನು ಲಕ್ಕಮ್ಮನವರ ಹೆಸರನ್ನು ಕೇಳಿದವನಲ್ಲ. ಆದರೂ ಸಂಸಾರದ ಒಂದು ನಿಜವನ್ನು ಕಂಡವನೇ ಸರಿ.

ನಮ್ಮ ಕಾಲದಲ್ಲಿ ನಮ್ಮ ಕಣ್ಣೆದುರು ಇದ್ದು ಹೋದ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು ನೀವು ಕಂಡಿದ್ದೀರಿ. ಅವರು ತೊಡುತ್ತಿದ್ದ ಬಿಳಿಯ ಅಂಗಿಗೆ ಜೇಬು ಇರುತ್ತಿರಲಿಲ್ಲ. ಹೊಲಿಯುವವನಿಗೆ ಒಂದು ಜೇಬು ಕಡಿಮೆಯಾದರೆ ನಾಲ್ಕು ಹೊಲಿಗೆ ಉಳಿಯುವದು, ತೊಡುವವನಿಗೆ ಒಂದು ಜನ್ಮದ ಚಿಂತೆ ಉಳಿಯುವದು. 2018 ರಲ್ಲಿ ಸರಕಾರವು ಕೊಡಬಂದ ಪದ್ಮಶ್ರೀ ಪ್ರಶಸ್ತಿಯನ್ನು ಅವರು ವಿನಯದಿಂದ ಬೇಡವೆಂದರು. 2023 ರ ಜನವರಿ 2 ರಂದು ಅವರು ದೇಹ ಬಿಟ್ಟಾಗ ಹೊರಬಂದ ಪತ್ರದಲ್ಲಿ, ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಸಮಾಧಿಯ ಪದ್ಧತಿಯುಳ್ಳ ನಮ್ಮ ಸಮಾಜದಲ್ಲಿ ಆ ಮಾತು ಅನೇಕರಿಗೆ ನುಂಗಲಾರದ ತುತ್ತಾಯಿತು. ಆದರೂ ಹಾಗೆಯೇ ನಡೆಯಿತು. ಮರಿಗಳು ಹಾರಿಹೋದ ಮೇಲೆ ಸಿಂಪಿಗನು ತನ್ನ ಗೂಡನ್ನು ಬಿಟ್ಟುಬಿಡುವದು. ಅದಕ್ಕೆ ಕಾವಲಿಲ್ಲ, ಪಟ್ಟೆಯಿಲ್ಲ, ಹಕ್ಕಿನ ಕಾಗದವಿಲ್ಲ. ನೂಲು ಸಡಿಲಾದಂತೆ ಎಲೆಯು ತನ್ನ ಪಾಡಿಗೆ ಬಿಚ್ಚಿಕೊಳ್ಳುವದು.

ಅದರ ನೂಲಿನ ಮಾತನ್ನಾಡುವಾಗ ನಮ್ಮ ನೂಲಿನ ಮಾತು ಬಂದೇ ಬರುವದು. ಗಾಳಿಪಟದ ಪಂದ್ಯದಲ್ಲಿ ಎದುರಿನವನ ದಾರವನ್ನು ಕೊಯ್ಯುವದಕ್ಕಾಗಿ ಮಾಡಿದ ನೈಲಾನ್ ಮಾಂಜಾ ಗಿಡಗಳಿಗೂ ತಂತಿಗಳಿಗೂ ಸಿಕ್ಕು, ಹಾರುವ ಹಕ್ಕಿಗಳ ರೆಕ್ಕೆಯನ್ನೂ ದಾರಿಗರ ಕುತ್ತಿಗೆಯನ್ನೂ ಕೊಯ್ದುದರಿಂದ 2017 ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಅದನ್ನು ದೇಶದಲ್ಲೆಲ್ಲ ನಿಷೇಧಿಸಿತು. ನಿಷೇಧವು ಕಾಗದದಲ್ಲಿರುವದು. ಮಗನ ಕೈಯಲ್ಲಿರುವ ಉರುಳೆಯನ್ನು ನೋಡಬೇಕಾದವರು ತಂದೆತಾಯಿಗಳು. ಜೇಡನಿಂದ ಒಂದು ಎಳೆಯನ್ನು ಪಡೆದು ಹಕ್ಕಿಯು ತೊಟ್ಟಿಲನ್ನು ಹೊಲಿದರೆ, ಕಾರಖಾನೆಯಿಂದ ನೂರು ಮಾರು ದಾರವನ್ನು ಕೊಂಡು ನಾವು ಕೊರಳನ್ನು ಕೊಯ್ಯುವದಾಯಿತು.

ನಾಗರ ಪಂಚಮಿಯಂದು ಕಲ್ಲಿನ ನಾಗರನಿಗೆ ಹಾಲೆರೆದು ಜೀವಂತ ಹಾವನ್ನು ಕೊಲ್ಲುವವರ ನಡತೆಯನ್ನು ಬಸವಣ್ಣನವರು ಎತ್ತಿ ತೋರಿಸಿ ಎಂಟುನೂರು ವರುಷಗಳ ಮೇಲಾಯಿತು. ಈಗಲೂ ಬಾಗಿಲ ತೋರಣದಲ್ಲಿ ಗಿಳಿಗಳುಂಟು, ಹಾಸಿಗೆಯ ಹೊದಿಕೆಯಲ್ಲಿ ನವಿಲುಗಳುಂಟು, ಕೈಯೊಳಗಿನ ಮೊಬೈಲಿನಲ್ಲಿ ಹಕ್ಕಿಯ ಕೂಗೇ ಕರೆಗಂಟೆ. ಹಬ್ಬ ಬಂದಿತೆಂದು ಅಂಗಳವನ್ನು ಚೊಕ್ಕಟ ಮಾಡುವಾಗ ಮಾತ್ರ ಗಿಡದ ಕೆಳಗೆ ಬಗ್ಗಿ ನೋಡದೆ ಕುಡುಗೋಲು ಹಾಕುವೆವು. ಶ್ರಾವಣವೇ ಆ ಹಕ್ಕಿಗೆ ಬಾಣಂತನದ ಕಾಲ. ಹಿತ್ತಲಿಗೆಲ್ಲ ಸಿಮೆಂಟು ಬಡಿಸಿ ಒಂದು ಗಿಡಕ್ಕೂ ಎಡೆಯಿಲ್ಲದಂತೆ ಮಾಡಿದ ಮನೆಗಳಂತೂ ಈ ತೊಂದರೆಯಿಂದ ಪಾರಾಗಿವೆ.

ಹಿಂದಿನ ಶ್ರಾವಣದಲ್ಲಿ ಒಂದು ಸಾಯಂಕಾಲ ಪ್ರವಚನ ಮುಗಿದ ಬಳಿಕ ವಯಸ್ಸಾದ ತಾಯಿಯೊಬ್ಬಳು ಮಠದ ಕಟ್ಟೆಯ ಹತ್ತಿರ ಬಂದು ನಿಂತಳು. ಅವಳ ಮಗನಿಗೆ ಗಂಡುಕೂಸು ಹುಟ್ಟಿ, ತೊಟ್ಟಿಲ ಕಾರ್ಯಕ್ಕೆ ದಿನ ಗೊತ್ತಾಗಿತ್ತು. ಅಂಗಳದಲ್ಲಿ ಹಂದರ ಹಾಕಬೇಕು. ಹಂದರಕ್ಕೆ ಲಿಂಬೆಯ ಗಿಡವೊಂದು ಅಡ್ಡವಾಗಿತ್ತು. ಅದನ್ನು ಕಡಿಸಹೋದಾಗ ಎಲೆಗಳ ನಡುವೆ ಹೊಲಿದ ಗೂಡು ಕಂಡಿತು, ಒಳಗೆ ಮೂರು ಮೊಟ್ಟೆ. ಮಗನಿಗೆ ಅವಸರ, ಸೊಸೆಗೆ ಸಂಕೋಚ. ಮುದುಕಿ ನನ್ನನ್ನು ಕೇಳಿದ್ದು ಇಷ್ಟೇ: "ಅಜ್ಜಾರ, ಗೂಡು ಕಿತ್ತರ ಪಾಪ ಹತ್ತತೈತೇನ್ರಿ?"

ಪಾಪದ ತಕ್ಕಡಿಯನ್ನು ಹಿಡಿದು ಕೂಡ್ರುವದು ಶರಣಧರ್ಮದ ರೀತಿಯಲ್ಲ. ಪಾಪ ಹತ್ತುವದಿಲ್ಲವೆಂದು ಹೇಳಿದ್ದರೆ ಅವಳು ಗಿಡವನ್ನು ಕಡಿಸುತ್ತಿದ್ದಳೇ? ಹತ್ತುವದೆಂದು ಹೇಳಿದ್ದರೆ ಅಂಜಿಕೆಯಿಂದ ಬಿಟ್ಟುದು ದಯೆಯಾಗುತ್ತಿತ್ತೇ? ಅದಕ್ಕಾಗಿ ನಾನು ಬೇರೆ ಲೆಕ್ಕವನ್ನು ಹೇಳಿದೆನು. "ಯವ್ವಾ, ಕಾವು ಕೂಡ್ರುವದು ಸುಮಾರು 12 ದಿನ, ಮರಿ ಹೊರಬಿದ್ದ ಮೇಲೆ ಗೂಡು ಬಿಡಲು ಸುಮಾರು 14 ದಿನ. ಕಾವಿಗೆ ಕೂತು ಎಷ್ಟು ದಿನವಾಯಿತೆಂಬದನ್ನು ನೀನೇ ಲೆಕ್ಕ ಹಾಕು. ನಿನ್ನ ಮನೆಯಲ್ಲಿಯೂ ಒಬ್ಬಳು ಬಾಣಂತಿ ಇದ್ದಾಳೆ, ಆ ಗಿಡದಲ್ಲಿಯೂ ಒಬ್ಬಳಿದ್ದಾಳೆ. ಹಂದರ ಅಂಗಳದಲ್ಲಿಯೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ."

ಅವಳು ಮಾರುತ್ತರ ಕೊಡದೆ ವಿಭೂತಿ ಪಡೆದು ಹೋದಳು. ಆಮೇಲೆ ತಿಂಗಳೊಪ್ಪತ್ತು ಕಳೆದು ಕೂಸಿನೊಡನೆ ಬಂದಾಗ ನಡೆದುದನ್ನು ಹೇಳಿದಳು. ಕೂಸಿಗೆ ಲಿಂಗಧಾರಣೆ ಮಾಡಿಸಿ ತೊಟ್ಟಿಲನ್ನು ಪಡಸಾಲೆಯ ತೊಲೆಗೇ ಕಟ್ಟಿದರಂತೆ; ಬಂದವರಿಗೆ ಇಕ್ಕಟ್ಟಾಯಿತು, ಬೀಗರು ಗೊಣಗಿದರು. ಲಿಂಬೆಯ ಗಿಡದ ಸುತ್ತ ನಾಲ್ಕು ಗೂಟ ನೆಟ್ಟು ಹಳೆಯ ಸೀರೆಯನ್ನು ಮರೆ ಕಟ್ಟಿದ್ದಳು. ಗಂಡು ಹಕ್ಕಿ ಕಾವಿಗೆ ಕುಳಿತ ಹೆಣ್ಣಿಗೆ ತುತ್ತು ತಂದು ಕೊಡುವದನ್ನು ಸೊಸೆಯು ಕಿಟಕಿಯಿಂದ ನೋಡುತ್ತ ಕೂಸಿಗೆ ಮೊಲೆಯೂಡಿಸುತ್ತಿದ್ದಳಂತೆ. ಮೂರು ಮರಿಗಳಲ್ಲಿ ಒಂದನ್ನು ಬೆಕ್ಕು ಒಯ್ದಿತು. ಉಳಿದೆರಡು ಗೂಡು ಬಿಟ್ಟ ಮೇಲೆ ಕೆಲವು ರಾತ್ರಿ ಬಾಗಿಲ ದೀಪದ ಬೆಳಕು ಬೀಳುವ ತೆಳ್ಳನೆಯ ಟೊಂಗೆಯ ಮೇಲೆ ತಂದೆತಾಯಿಗಳ ನಡುವೆ ಒತ್ತಿಕೊಂಡು ಮಲಗಿದ್ದವು. ಮಗನೇ ಅವನ್ನು ಮೊದಲು ಕಂಡು ಎಲ್ಲರನ್ನೂ ಕರೆದು ತೋರಿಸಿದನೆಂದು ಹೇಳಿ ಮುದುಕಿ ನಕ್ಕಳು. ಗಿಡವನ್ನು ಇನ್ನು ಕಡಿಸುವಿರೋ ಎಂದು ಕೇಳಿದೆನು. ಅದು ಈಗ ಕಾಯಿ ಹಿಡಿದಿದೆಯೆಂದಳು.